ಸೆರಗಿಲ್ಲದ ಅರಬಿ

ಹೋದ ತಿಂಗಳ ಕೊನೆಯ ಶನಿವಾರ ನಮ್ಮ ಹುನಗುಂದದ ಕಾಲೇಜಿನಲ್ಲಿ ಒಂದು ಖಾಲಿ ಕುರ್ಚಿಗೆ ಬೀಳ್ಕೊಡುಗೆ ಸಮಾರಂಭ ನಡೆಯಿತು. ಪ್ರಾಣಿಶಾಸ್ತ್ರದ ಸರ್ ನಿವೃತ್ತರಾಗುವವರಿದ್ದರು. ಬರುತ್ತೇನೆ ಅಂತಲೂ ಹೇಳಿರಲಿಲ್ಲ, ಬರುವುದಿಲ್ಲ ಅಂತಲೂ ಹೇಳಿರಲಿಲ್ಲ. ಕಾದು ಕಾದು ಕೊನೆಗೆ ಅವರಿಲ್ಲದೆಯೇ ಶುರು ಮಾಡಿದೆವು. ಪ್ರಾಚಾರ್ಯರು ಮೈಕಿನ ಮುಂದೆ ನಿಂತು ಅವರು ಎಂಥ ಸರಳ ಸಜ್ಜನರು ಎಂದು ಹೊಗಳಿ, ಕೈಯಲ್ಲಿದ್ದ ಹಾರವನ್ನು ಯಾರಿಗೆ ಹಾಕಬೇಕೆಂದು ತಿಳಿಯದೆ ಮೇಜಿನ ಮೇಲೆ ಇಟ್ಟರು. ಶಾಲು, ಹಣ್ಣಿನ ಬುಟ್ಟಿ, ಅಮೀನಗಡದ ಕರದಂಟಿನ ಡಬ್ಬಿ ಎಲ್ಲವೂ ಹಾಗೇ ಉಳಿದವು. "ಮೇಡಮ್ಮಾರ, ನಿಮಗ ಅವರ ಮನಿ ಗೊತ್ತೈತಲ್ಲ, ಒಂದೀಟು ಮುಟ್ಟಿಸಿಬಿಡ್ರಿ" ಎಂದು ಎಲ್ಲವನ್ನೂ ನನ್ನ ಕೈಗೆ ದಾಟಿಸಿದರು. ಭೌತಶಾಸ್ತ್ರ ಕಲಿಸುವವಳಿಗೆ ಇಂಥ ಕೆಲಸಗಳು ಹೇಗೋ ಹುಡುಕಿಕೊಂಡು ಬರುತ್ತವೆ.

ಅವರ ಮಗ ಹೋಗುವ ಮೊದಲು ಹೀಗಾಗಿದ್ದರೆ ನಾವೆಲ್ಲ ನಕ್ಕುಬಿಡುತ್ತಿದ್ದೆವು. ಯಾಕೆಂದರೆ ಇದ್ದೂ ಕಾಣದೇ ಇರುವುದು ಅವರ ಹಳೆಯ ಚಾಳಿ. ಸ್ಟಾಫ್ ರೂಮಿನಲ್ಲಿ ಕಪಾಟು ಮತ್ತು ಕಿಟಕಿಯ ನಡುವಿನ ಸಂದಿಯಲ್ಲಿ ಕೂರುತ್ತಿದ್ದರು. ಗೋಡೆಯ ಬಣ್ಣದ್ದೇ ಅಂಗಿ, ಕಪಾಟಿನ ಬಣ್ಣದ್ದೇ ಪ್ಯಾಂಟು. ಚಹಾ ತರುವ ಜವಾನ ದಿನಾ ಒಂದು ಕಪ್ಪು ಕಡಿಮೆ ತರುತ್ತಿದ್ದ. "ಸರ ಇವತ್ತ ಬಂದಿಲ್ಲೇನ್ರಿ?" ಎಂದು ಅವರ ಮುಂದೆಯೇ ನಿಂತು ನಮ್ಮನ್ನು ಕೇಳುತ್ತಿದ್ದ. "ಇಲ್ಲೇ ಅದೀನೋ ಮಾರಾಯಾ" ಎಂದು ಗೋಡೆಯ ಕಡೆಯಿಂದ ದನಿ ಬರುತ್ತಿತ್ತು. ವರ್ಷ ವರ್ಷ ತೆಗೆಸಿದ ಗುಂಪು ಫೋಟೋಗಳಲ್ಲಿ ಅವರು ಇದ್ದಾರೆ, ಆದರೆ ಒಂದರಲ್ಲಿ ಬರೀ ಕಿವಿ, ಒಂದರಲ್ಲಿ ಬರೀ ಹಣೆ. ಹುಡುಗರು ಅವರಿಗೆ ಓತಿಕ್ಯಾತ ಸರ್ ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. "ಓತಿಕ್ಯಾತ ಆಗೂದು ಅಷ್ಟ ಸರಳ ಅಲ್ರಿ ಮೇಡಮ್ಮಾರ" ಎನ್ನುತ್ತಿದ್ದರು.

ವರ್ಷಕ್ಕೊಮ್ಮೆ ಬಿಎಸ್ಸಿ ಹುಡುಗರನ್ನು ಬಾದಾಮಿಗೆ ಕರೆದುಕೊಂಡು ಹೋಗುತ್ತಿದ್ದರು. ಹುಡುಗಿಯರೂ ಇರುತ್ತಿದ್ದರಿಂದ ಜೊತೆಗೆ ನನ್ನನ್ನು ಹೊರಡಿಸುತ್ತಿದ್ದರು. ಜನ ಬಾದಾಮಿಗೆ ಹೋಗುವುದು ಗುಹೆ ನೋಡಲಿಕ್ಕೆ. ಇವರು ಗುಹೆಗಳಿಗೆ ಬೆನ್ನು ಮಾಡಿ, ಕೆರೆಯ ಆಚೆಯ ಗುಡ್ಡದಲ್ಲಿ ಏನೂ ಕೆತ್ತದ ಒಂದು ಕೆಂಪು ಬಂಡೆಯ ಮುಂದೆ ಎಲ್ಲರನ್ನೂ ನಿಲ್ಲಿಸುತ್ತಿದ್ದರು. "ಇಲ್ಲೊಂದು ಕುಂತೈತಿ. ಯಾರರ ತೋರಸ್ರಿ. ತೋರ್ಸೂ ತನಕಾ ಬುತ್ತಿ ಬಿಚ್ಚಂಗಿಲ್ಲ." ಬಿಸಿಲು ನೆತ್ತಿಯ ಮೇಲೆ, ಹೊಟ್ಟೆಯಲ್ಲಿ ಹಸಿವು, ಸುತ್ತ ಬುತ್ತಿಯ ವಾಸನೆ ಹಿಡಿದು ಬಂದ ಮಂಗಗಳು. ನಾನೂ ಸಿಟ್ಟಿನಿಂದ ಆ ಬಂಡೆಯನ್ನು ದಿಟ್ಟಿಸಿ ನೋಡುತ್ತಿದ್ದೆ. ಏನೂ ಇರುತ್ತಿರಲಿಲ್ಲ. ಕೊನೆಗೆ ಬಂಡೆಯೇ ಒಂದು ಕಣ್ಣು ಮಿಟುಕಿಸುತ್ತಿತ್ತು. ಅಲ್ಲಿಂದ ಬಾಲ, ಕಾಲು, ಬೆನ್ನು ಒಂದೊಂದಾಗಿ ಮೂಡಿ, ಮೊಳದುದ್ದದ ಹಲ್ಲಿ ಜಾತಿಯ ಪ್ರಾಣಿಯೊಂದು ನಮ್ಮ ಮೂಗಿನ ಮುಂದೆಯೇ ಕೂತಿರುತ್ತಿತ್ತು. ಆಗ ಅವರು ಹೇಳುತ್ತಿದ್ದ ಮಾತು ನನಗೆ ಬಾಯಿಪಾಠ. "ಮಾಯ ಆಗೂದಂದ್ರ ಇಲ್ಲದಂಗ ಆಗೂದಲ್ಲ. ಬಾಜೂಕಿನ ಕಲ್ಲಿನಂಗ ಆಗೂದು." ಆಮೇಲೆ ರೊಟ್ಟಿ ಬಿಚ್ಚುತ್ತಿದ್ದರು.

ಅವರ ಮನೆ ಇಳಕಲ್ಲಿನಲ್ಲಿ. ನೇಕಾರರ ಮನೆತನ. ಪಡಸಾಲೆಯಲ್ಲಿ ಇವತ್ತಿಗೂ ಒಂದು ಕುಣಿಮಗ್ಗ ಇದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅವರ ಅಕ್ಕ ನೇಯುತ್ತಾರೆ. ಓಣಿಯಲ್ಲಿ ಉಳಿದವರೆಲ್ಲ ಪವರ್‌ಲೂಮ್ ಹಾಕಿಸಿದರೂ ಈಕೆ ಜಗ್ಗಲಿಲ್ಲ. ಸರ್ ಅವರ ಹೆಂಡತಿ ಮಗು ತೊಟ್ಟಿಲಲ್ಲಿರುವಾಗಲೇ ತೀರಿಕೊಂಡರು. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅಕ್ಕನೇ ಆ ಮಗುವನ್ನು ಸಾಕಿದರು. ತೊಟ್ಟಿಲನ್ನು ಮಗ್ಗದ ಪಕ್ಕದ ಜಂತಿಗೇ ಕಟ್ಟಿದ್ದರಂತೆ. ಮಗ್ಗ ನಿಂತರೆ ಕೂಸು ಎದ್ದು ಅಳುತ್ತಿತ್ತಂತೆ, ಅದಕ್ಕೇ ಆ ವರ್ಷ ತಾನು ನೇಯ್ದಷ್ಟು ಸೀರೆ ಯಾವ ವರ್ಷವೂ ನೇಯ್ದಿಲ್ಲ ಎಂದು ಆಕೆ ಹೇಳುತ್ತಿದ್ದರು.

ಆ ಹುಡುಗ ಬೆಳೆದದ್ದು ಅಪ್ಪನಿಗೆ ಪೂರಾ ಉಲ್ಟಾ. ಎತ್ತರದ ಆಳು, ದೊಡ್ಡ ಗಂಟಲು. ಓಣಿಯ ಆ ತುದಿಯಲ್ಲಿ ನಕ್ಕರೆ ಈ ತುದಿಗೆ ಕೇಳುತ್ತಿತ್ತು. ಪಿಯುಸಿ ಮುಗಿದದ್ದೇ ತಡ ಸೈನ್ಯಕ್ಕೆ ಸೇರುತ್ತೇನೆಂದ, ಸೇರಿದ. ಬಾಗಲಕೋಟೆಯ ಸ್ಟೇಶನ್ನಿನಲ್ಲಿ ಅವನನ್ನು ರೈಲು ಹತ್ತಿಸಿ ಬಂದ ಮರುದಿನ ಸರ್ ಸ್ಟಾಫ್ ರೂಮಿನಲ್ಲಿ ಹೇಳಿದ್ದರು, "ಅಷ್ಟ ಮಂದಿಯೊಳಗೂ ನನ್ನ ಮಗ ಒಬ್ಬಾವನ ಕಾಣತಿದ್ದ ನೋಡ್ರಿ." ಹೆಮ್ಮೆಯಿಂದಲೇ ಹೇಳಿದ್ದರು. ಅದೇ ಮಾತು ಒಂದೆರಡು ವರ್ಷದಲ್ಲಿ ಅವರ ನಿದ್ದೆ ಕೆಡಿಸಿತು.

ರಜೆಗೆ ಬಂದಾಗ ಹುಡುಗ ಊಟಕ್ಕೆ ಕೂತು ಮಾತಿಗೆ ಮಾತು ಬಂದು ಹೇಳಿದನಂತೆ. "ಅಪ್ಪಾ, ನಿನ್ನ ಓತಿಕ್ಯಾತನ ಆಟ ಈಗ ನಡೆಯಂಗಿಲ್ಲ. ಗಿಡದ ಹಿಂದ ಕುಂತ್ರೂ ಅಷ್ಟ, ಹಸರ ಬಣ್ಣ ಬಳಕೊಂಡ್ರೂ ಅಷ್ಟ. ಮ್ಯಾಲೆ ಹಾರತಾವಲ್ಲ, ಅವಕ್ಕ ಬಣ್ಣ ಬೇಕಾಗಿಲ್ಲ. ಮೈಬಿಸಿ ಸಾಕು." ಹಾಗೆಂದು ಮೊಬೈಲಿನಲ್ಲಿ ಯಾವುದೋ ದೂರದ ದೇಶದ ಯುದ್ಧದ ತುಣುಕು ತೋರಿಸಿದ. ಡ್ರೋನಿನ ಕ್ಯಾಮೆರಾ ತೆಗೆದದ್ದು. ಕಪ್ಪು ನೆಲದ ಮೇಲೆ ಬೆಳ್ಳಗೆ ಉರಿಯುವ ಮೂರ್ನಾಲ್ಕು ಮನುಷ್ಯರು ಓಡುತ್ತಾರೆ, ಒಬ್ಬ ಬೀಳುತ್ತಾನೆ, ಆಮೇಲೆ ಪರದೆಯೆಲ್ಲ ಬೆಳ್ಳಗಾಗುತ್ತದೆ. ಹುಡುಗ ಅದನ್ನು ಸರಿಸಿ ಮುಂದಿನದಕ್ಕೆ ಹೋದ. ಅಪ್ಪ ಎದ್ದು ಕೈ ತೊಳೆದುಕೊಂಡರು. ಆ ತುಣುಕನ್ನು ಅವರು ಆಮೇಲೆ ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ. ನನಗೂ ತೋರಿಸಿದರು. "ಓಡಾಕತ್ತಾರಲ್ರಿ, ಇವೂ ಯಾರದೋ ಮಕ್ಕಳ" ಎಂದರು.

ಅಷ್ಟು ವರ್ಷ ಒಂದೇ ಕಟ್ಟಡದಲ್ಲಿದ್ದರೂ ಅವರು ನನ್ನ ಪ್ರಯೋಗಾಲಯದ ಹೊಸ್ತಿಲು ತುಳಿದಿರಲಿಲ್ಲ. ಆ ವಾರ ಬಂದು ಸ್ಟೂಲಿನ ಮೇಲೆ ಕೂತರು.

"ಮೇಡಮ್ಮಾರ, ಮೈಬಿಸಿ ಹೆಂಗ ಮುಚ್ಚೂದ್ರಿ?"

"ಸತ್ತ ಮ್ಯಾಲೆ ತಾನ ಆರತೈತ್ರಿ ಸರ" ಎಂದೆ. ನನ್ನ ಬಾಯಿ ಹಾಗೆಯೇ. ಅವರು ನಗಲಿಲ್ಲ, ಹಟ ಹಿಡಿದವರ ಹಾಗೆ ಕೂತೇ ಇದ್ದರು. ಗೋಸುಂಬೆಯ ಚರ್ಮದಲ್ಲಿ ಎರಡು ಪದರ ಇರುತ್ತವೆ, ಮೇಲಿನದು ಬಣ್ಣ ಬದಲಿಸಲಿಕ್ಕೆ, ಅದರ ಕೆಳಗಿನದು ಬಿಸಿಲಿನ ಶಾಖವನ್ನು ಒಳಗೆ ಬಿಡದೆ ತಿರುಗಿಸಿ ಕಳಿಸಲಿಕ್ಕೆ ಎಂದು ವಿವರಿಸಿದರು. ಒಂದು ಪ್ರಾಣಿಯ ಚರ್ಮಕ್ಕೆ ಶಾಖವನ್ನು ಹೊರಗೆ ತಡೆಯಲು ಬಂದರೆ, ಒಂದು ಬಟ್ಟೆಗೆ ಒಳಗೆ ತಡೆಯಲು ಯಾಕೆ ಬರಬಾರದು ಎಂಬುದು ಅವರ ವಾದ. ನಾನು ನನಗೆ ತಿಳಿದದ್ದನ್ನು ಹೇಳಿದೆ. ಯಾವ ಬಟ್ಟೆ ಹೊದ್ದರೂ ಸ್ವಲ್ಪ ಹೊತ್ತಿಗೆ ಅದೂ ಮೈಯಷ್ಟೇ ಬಿಸಿಯಾಗಿ ಹೊರಗೆ ಹೇಳಿಬಿಡುತ್ತದೆ. ಹೊಳೆಯುವ ಲೋಹದ ಹಾಳೆ ಹೊದ್ದರೆ ಒಳಗಿನ ಶಾಖ ಹೊರಬೀಳುವುದಿಲ್ಲ, ಆದರೆ ಆಗ ಸುತ್ತಲಿನ ನೆಲಕ್ಕಿಂತ ತಣ್ಣಗೆ, ಮನುಷ್ಯನ ಆಕಾರದ ಕರಿ ತೂತಿನಂತೆ ಕಾಣುತ್ತದೆ. ಬಿಸಿ ಕಂಡರೂ ಸಿಕ್ಕಿಬಿದ್ದಂತೆ, ತಣ್ಣಗೆ ಕಂಡರೂ ಸಿಕ್ಕಿಬಿದ್ದಂತೆ. ಅವರ ಮುಖ ಅರಳಿತು. "ಅಂದ್ರ ಬಾಜೂಕಿನ ಕಲ್ಲಿನಷ್ಟ ಆಗಬೇಕು. ನಾ ಮೊದಲಿಂದ ಅದನ್ನ ಹೇಳಾಕತ್ತೇನಲ್ರಿ" ಎಂದರು.

ಇಂಥ ಕೆಲಸಕ್ಕೆ ದೊಡ್ಡ ದೊಡ್ಡ ಪ್ರಯೋಗಾಲಯಗಳಿವೆ, ದೇಶ ದೇಶಗಳಲ್ಲಿ ತಲೆ ಕೆಡಿಸಿಕೊಂಡವರಿದ್ದಾರೆ, ಇದು ಹುನಗುಂದದಲ್ಲಿ ಕೂತು ಆಗುವುದಲ್ಲ ಎಂದು ಹೇಳಿದೆ. "ಅವರು ಎಲ್ಲಾರ್ಗೂ ಮಾಡ್ತಾರ್ರಿ. ಎಲ್ಲಾರ್ಗೂ ಬರೂದ್ರಾಗ ನನ್ನ ಮಗ ಎಲ್ಲಿರ್ತಾನೋ. ನನಗ ಒಂದ ಬೇಕಾಗೇತಿ" ಎಂದರು.

ಅವರ ಅದೃಷ್ಟವೋ ದುರದೃಷ್ಟವೋ, ಅವರದೇ ಹಳೆಯ ವಿದ್ಯಾರ್ಥಿಯೊಬ್ಬ ಊರ ಹೊರಗಿನ ಸೋಲಾರ್ ಘಟಕದಲ್ಲಿ ಕೆಲಸಕ್ಕಿದ್ದ. ಕೆಟ್ಟ ಫಲಕಗಳು ಉಳಿದವುಗಳಿಗಿಂತ ಬಿಸಿಯಾಗುತ್ತವೆ, ಅವನ್ನು ಹುಡುಕಲು ಶಾಖ ನೋಡುವ ಕ್ಯಾಮೆರಾ ಕಟ್ಟಿದ ಡ್ರೋನ್ ಹಾರಿಸುವುದು ಅವನ ಕೆಲಸ. ಒಂದು ಚಳಿಗಾಲದ ಬೆಳಿಗ್ಗೆ ನಮ್ಮಿಬ್ಬರನ್ನೂ ಕರೆದು ಪರದೆ ತೋರಿಸಿದ. ಪಕ್ಕದ ಹೊಲದಲ್ಲಿ ಕುರಿ ಬಿಟ್ಟಿದ್ದರು. ಪರದೆಯಲ್ಲಿ ಕುರಿ ಕಾಯುವವನ ಮುಖ, ಕೈ ಬೆಳ್ಳಗೆ ಉರಿಯುತ್ತಿದ್ದವು, ಅವನ ನಾಯಿ ಪೂರಾ ಉರಿಯುತ್ತಿತ್ತು. ಕುರಿಗಳಲ್ಲಿ ಮಾತ್ರ ಮುಖ ಮತ್ತು ಕಾಲು ಬಿಟ್ಟರೆ ಏನೂ ಇರಲಿಲ್ಲ. ಉಣ್ಣೆ ಕತ್ತರಿಸದ ಮೈಗಳು ನೆಲದೊಳಗೆ ನೆಲವಾಗಿದ್ದವು. ಬರೀ ಮುಖಗಳು ಮೇಯುತ್ತ ಹೋಗುತ್ತಿದ್ದವು. ಸರ್ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ನಾನು ಅವರನ್ನು ಅಷ್ಟು ಸಂತೋಷದಲ್ಲಿ ಕಂಡದ್ದು ಅದೊಂದೇ ಸಲ. "ಇಷ್ಟ ವರ್ಷ ಗೋಸುಂಬಿ ಬೆನ್ನ ಹತ್ತಿದ್ನಿ. ಕುರಿ ಮನಿ ಮುಂದ ಇತ್ತು" ಎಂದರು.

ಮುಂದಿನ ಒಂದು ವರ್ಷ ಆ ಮನೆಯಲ್ಲಿ ಬೇರೆ ಮಾತು ಇರಲಿಲ್ಲ. ಹೊದೆಯುವ ಬಟ್ಟೆಗೆ, ಆ ಮನೆಯ ಮಾತಲ್ಲಿ ಅರಬಿಗೆ, ಎರಡು ಪದರ ಎಂದು ನಿಶ್ಚಯವಾಯಿತು. ಒಳಗಿನದು ಕುರಿ ಉಣ್ಣೆಯದು, ಹೊರಗಿನದು ಹತ್ತಿಯ ನೂಲಿಗೆ ಜರಿ ಎಳೆ ಬೆರೆಸಿದ ತೆಳು ಪದರ, ಅದಕ್ಕೆ ಮಣ್ಣಿನ ಬಣ್ಣ. ನಡುವೆ ಗಾಳಿ ನಿಲ್ಲುವಂತೆ ಅಲ್ಲಲ್ಲಿ ಮಾತ್ರ ಹೊಲಿಗೆ. ಹೊಳಪು ಎಷ್ಟಿರಬೇಕು, ಬಣ್ಣ ಎಷ್ಟು ದಪ್ಪ ಇರಬೇಕು ಎಂದು ತಮ್ಮ ಲೆಕ್ಕ ಹಾಕುವುದು, ಅಕ್ಕ ನೇಯುವುದು, ಬಿಚ್ಚುವುದು, ಮತ್ತೆ ನೇಯುವುದು. ನಾನು ರವಿವಾರಗಳಲ್ಲಿ ನನ್ನ ಮನೆಯಿರುವ ಬಾಗಲಕೋಟೆಯಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ನೋಡಲಿಕ್ಕೆ ಹೋಗುತ್ತಿದ್ದೆನೋ ಆ ಅಕ್ಕ ಮಾಡುವ ಪುಂಡಿಪಲ್ಯೆಯ ಆಸೆಗೆ ಹೋಗುತ್ತಿದ್ದೆನೋ ಹೇಳಲಾರೆ. ತಮ್ಮ ಸಾಲಿ ಕಲಿತು ಶಾಣ್ಯಾ ಆದ, ನಾ ಇದ್ದಲ್ಲೇ ಉಳಿದೆ ಎಂದು ಆಕೆ ನಗುತ್ತ ಚಾಷ್ಟಿ ಮಾಡುತ್ತಿದ್ದರು. ಆದರೆ ತನ್ನ ಕೈಯಲ್ಲಿ ಸಾಕಿದ ಹುಡುಗನಿಗೆ ಎಂದು ಅಷ್ಟು ಸಲ ಬಿಚ್ಚಿದ್ದಕ್ಕೂ ಬೇಸರ ಮಾಡಲಿಲ್ಲ.

ಮೊದಲ ಅರಬಿ ಮಗ್ಗದಿಂದ ಇಳಿದ ಮೇಲೆ ಪರೀಕ್ಷೆಗೆ ಹೋದೆವು. ಸೋಲಾರಿನ ಹುಡುಗ ಹೊದ್ದು ಮಲಗಿದ, ಡ್ರೋನನ್ನು ಅವನ ಜೊತೆಗಾರ ಮೇಲೇರಿಸಿದ. ಪರದೆಯಲ್ಲಿ ಮನುಷ್ಯ ಇರಲಿಲ್ಲ. ಆದರೆ ಅವನು ಇರಬೇಕಾದ ಜಾಗದಲ್ಲಿ ಗೇಣಗಲದ ಒಂದು ಬಿಳಿ ಪಟ್ಟಿ, ಅದರ ಅಂಚಿಗೆ ಹಲ್ಲು ಹಲ್ಲಾಗಿ ಒಂದು ಗೆರೆ, ಎಷ್ಟು ಎತ್ತರಕ್ಕೆ ಹೋದರೂ ಸ್ಪಷ್ಟವಾಗಿ ಕಾಣುತ್ತಿತ್ತು. ಸರ್ ಓಡಿ ಹೋಗಿ ಅರಬಿಯ ತುದಿ ಎತ್ತಿ ನೋಡಿದರು. ಅಕ್ಕ ಅದಕ್ಕೆ ಸೆರಗು ಹಾಕಿದ್ದರು.

ಇಳಕಲ್ ಸೀರೆಯ ಗುರುತೇ ಅದು. ಒಡಲಿನ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಬಿಗಿಯುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆಯೇ ಒಡಲಿನ ಒಂದೊಂದು ಎಳೆಯನ್ನು ಸೆರಗಿನ ಒಂದೊಂದು ಎಳೆಗೆ ಕುಣಿಕೆ ಮಾಡಿ ಸಿಕ್ಕಿಸಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಆಕೆ ಹೊರಗಿನ ಪದರಕ್ಕೆ ಒಂದು ಗೇಣು ಅಪ್ಪಟ ಕೆಂಪು ರೇಷ್ಮೆಯ ಸೆರಗು ಕೂಡಿಸಿ, ಅದಕ್ಕೂ ಮಣ್ಣಿನ ಬಣ್ಣ ಬಳಿದು ತಮ್ಮನಿಗೆ ಗೊತ್ತಾಗದಂತೆ ಮಾಡಿದ್ದರು. ಜರಿ ಇಲ್ಲದ ಆ ಗೇಣು ಒಳಗಿನ ಶಾಖವನ್ನೆಲ್ಲ ಹೊರಗೆ ಸಾರುತ್ತಿತ್ತು.

ಮನೆಗೆ ಬಂದು ಸರ್ ಅಕ್ಕನ ಮೇಲೆ ಹರಿಹಾಯ್ದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಕೆ ಕುಣಿಯೊಳಗಿಂದಲೇ ಉತ್ತರ ಕೊಟ್ಟರು.

"ಸೆರಗಿಲ್ದ ಅರಬಿ ಈ ಮಗ್ಗದಿಂದ ಇಳಿದಿಲ್ಲೋ ತಮ್ಮಾ. ನಮ್ಮವ್ವನೂ ಇಳಿಸಿಲ್ಲ, ನಾನೂ ಇಳಿಸಿಲ್ಲ. ಕೂಸಿನ ಮೈಮ್ಯಾಲೆ ಹಾಕೂದು, ಬೋಳ ಇರಬಾರದು."

"ಆ ಸೆರಗ ಮ್ಯಾಲಿಂದ ಕಾಣತೈತಬೇ ಅಕ್ಕಾ."

"ಕಾಣ್ಲಿ ಬಿಡು. ಮುಗಲಿಂದ ನೋಡಿದ್ರೂ ಇದು ಇಳಕಲ್ಲಿಂದು ಅಂತ ಗುರ್ತ ಹತ್ತತೈತಿ" ಎಂದು ನಕ್ಕರು.

ತಮ್ಮ ನಗಲಿಲ್ಲ. "ಗುರ್ತ ಹತ್ತಿದ್ರ ಅವನ್ನ ಹೊಡೀತಾರ" ಎಂದರು. ಆಕೆ ಲಾಳಿ ಕೆಳಗಿಟ್ಟರು.

ಎರಡನೆಯದನ್ನು ಆಕೆ ಮಾತಿಲ್ಲದೆ ನೇಯ್ದರು. ಸೆರಗು ಹಾಕಲಿಲ್ಲ. ಆದರೆ ಮುಗಿದ ದಿನ ಕತ್ತರಿ ಕೈಗೆ ತೆಗೆದುಕೊಳ್ಳಲಿಲ್ಲ. ಬೋಳು ಅರಬಿಯನ್ನು ತಾನು ಕತ್ತರಿಸಿ ಇಳಿಸುವುದಿಲ್ಲ ಎಂದು ಎದ್ದು ಅಡುಗೆಮನೆಗೆ ಹೋಗಿ ಬೆನ್ನು ಮಾಡಿ ನಿಂತರು. ತಮ್ಮನೇ ಕತ್ತರಿಸಿದರು. ರೂಢಿ ತಪ್ಪಿದ ಕೈ, ತುದಿ ಸೊಟ್ಟಗಾಯಿತು.

ಈ ಸಲ ಪರೀಕ್ಷೆಗೆ ಅವರೇ ಮಲಗಿದರು. ಅಕ್ಕನನ್ನೂ ಕರೆದುಕೊಂಡು ಹೋಗಿದ್ದೆವು. ಘಟಕದ ಆಚೆ ಕಲ್ಲು ತುಂಬಿದ ಬೀಳು ಭೂಮಿ. ನಮ್ಮನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ತಾವೊಬ್ಬರೇ ನಡೆದು ಹೋಗಿ ಎಲ್ಲಿಯೋ ಮಲಗಿದರು. ಸೋಲಾರಿನ ಹುಡುಗ ಡ್ರೋನ್ ಏರಿಸಿದ. ಪರದೆಯ ತುಂಬ ಕಲ್ಲು. ಆ ಕಡೆ ಹೋದ, ಈ ಕಡೆ ಬಂದ, ಇಳಿಸಿದ, ಏರಿಸಿದ. ಬರೀ ಕಲ್ಲು. ಮೊದಲು ಅವನಿಗೆ ನಗು ಬಂತು, ಆಮೇಲೆ ಗಾಬರಿಯಾಯಿತು. "ಸರ, ಎಲ್ಲಿ ಅದೀರ್ರಿ?" ಎಂದು ಕೂಗಿದ. ಉತ್ತರ ಇಲ್ಲ. ಅಕ್ಕ ಪರದೆಯನ್ನು ನೋಡಲೇ ಇಲ್ಲ, ಸೀರೆ ಎತ್ತಿ ಕಟ್ಟಿ ಕಲ್ಲುಗಳ ನಡುವೆ ಓಡಿದರು. "ತಮ್ಮಾ, ಏಳೋ. ಸಾಕೇಳೋ ತಮ್ಮಾ." ಆಕೆಯ ಕಾಲ ಹತ್ತಿರವೇ ಒಂದು ಕಲ್ಲು ಎದ್ದು ಕೂತಿತು. ಸರ್ ನಗುತ್ತಿದ್ದರು.

ಆಕೆ ತಮ್ಮನ ರಟ್ಟೆ ಹಿಡಿದುಕೊಂಡರು. "ಹಿಂಗ ಹುಡುಕಿದ್ರೂ ಸಿಗಲಿಲ್ಲಂದ್ರ ಹೆಂಗೋ?"

"ಸಿಗಬಾರದಂತನ ಅಲ್ಲೇನಬೇ ಮಾಡಿದ್ದು" ಎಂದು ಮೈಯ ಮಣ್ಣು ಝಾಡಿಸಿಕೊಂಡರು.

ಮುಂದಿನ ರಜೆಗೆ ಬಂದ ಮಗ, ಅದು ಮೈಬಿಸಿ ಮುಚ್ಚುತ್ತದೆಂದು ಅಪ್ಪ ಹೇಳಿದ್ದನ್ನು ಪೂರ್ತಿ ನಂಬದಿದ್ದರೂ, ಅದನ್ನು ಟ್ರಂಕಿನ ತಳದಲ್ಲಿ ಮಡಿಚಿ ಇಟ್ಟುಕೊಂಡು ಹೋದ. ಸೈನ್ಯದಲ್ಲಿ ಮನೆಯ ಬಟ್ಟೆಗೆಲ್ಲ ಜಾಗ ಇಲ್ಲ, ಆದರೆ ಮಲಗುವಾಗ ಹೊದ್ದರೆ ಯಾರೂ ಕೇಳುವುದಿಲ್ಲ ಎಂದನಂತೆ. ಅಲ್ಲಿಂದ ಫೋನು ಮಾಡಿದಾಗಲೆಲ್ಲ ಅದರದೇ ಮಾತು. "ಅಪ್ಪಾ, ಭಾಳ ಬೆಚ್ಚಗೈತಿ. ಎಲ್ಲಾರೂ ಇಳಕಲ್ ಸೀರಿ ಉಟಗೊಂಡ ಮಲಗತಾನ ಅಂತ ಕಾಡತಾರ." ಸರ್ ಆ ಮಾತನ್ನು ಸ್ಟಾಫ್ ರೂಮಿನಲ್ಲಿ ಬಂದು ಹೇಳಿದಾಗ ನಾವೆಲ್ಲ ನಕ್ಕೆವು. ಆ ಒಂದು ಚಳಿಗಾಲ ಅವರು ಕಪಾಟಿನ ಸಂದಿ ಬಿಟ್ಟು ನಡುವಿನ ಮೇಜಿಗೆ ಬಂದು ಕೂತಿದ್ದರು. ಜವಾನ ಸರಿಯಾದ ಲೆಕ್ಕಕ್ಕೆ ಚಹಾ ತರುತ್ತಿದ್ದ.

ಮತ್ತೊಂದು ಚಳಿಗಾಲ ಬರುವಷ್ಟರಲ್ಲಿ ಹುಡುಗ ಪೆಟ್ಟಿಗೆಯಲ್ಲಿ ಬಂದ. ಗುಂಡಲ್ಲ, ಬಾಂಬಲ್ಲ. ಗುಡ್ಡದ ಹಾದಿ ಕುಸಿದು ಕೊರಕಲಿಗೆ ಬಿದ್ದಿದ್ದ. ಇಳಕಲ್ಲಿಗೆ ಇಳಕಲ್ಲೇ ಬೀದಿಗೆ ಬಂದಿತ್ತು. ಘೋಷಣೆ, ಹೂವು, ಅಧಿಕಾರಿಗಳ ಕಾರು. ಅಷ್ಟು ಜನರಲ್ಲಿ ಸರ್ ಎಲ್ಲಿದ್ದಾರೆಂದು ಹುಡುಕಬೇಕಾಯಿತು. ಮಗ್ಗದ ಕುಣಿಯೊಳಗೆ ಇಳಿದು ಕೂತಿದ್ದರು.

ಎಲ್ಲ ಮುಗಿದು ಸ್ವಲ್ಪ ದಿನಕ್ಕೆ ಬಾದಾಮಿ ಕಡೆಯ ಒಬ್ಬ ಸೈನಿಕ ಮನೆಗೆ ಬಂದ. ಮಗನ ಜೊತೆಗೇ ಇದ್ದವನು, ರಜೆಗೆ ಬಂದವನು ಮಾತಾಡಿಸಿಕೊಂಡು ಹೋಗಲು ಬಂದಿದ್ದ. ಆ ದಿನ ನಾನೂ ಇದ್ದೆ. ಒಳ್ಳೆಯ ಹುಡುಗ. ನೀರು ಕುಡಿದು, ತಲೆ ತಗ್ಗಿಸಿ ಕೂತು, ಸರ್ ಕೇಳಿದ್ದಕ್ಕೆ ಒಂದೊಂದೇ ಹೇಳಿದ.

"ಅಂವಾ ಬಿದ್ದದ್ದು ಯಾರೂ ನೋಡಲಿಲ್ರಿ ಕಾಕಾ. ಮಂಜ ಭಾಳ ಇತ್ತು. ವಾಕಿಟಾಕಿ ಮ್ಯಾಲೇ ಉಳದಿತ್ತು. ಮಂಜ ಸರಿದ ಕೂಡ್ಲೆ ಡ್ರೋನ್ ಬಿಟ್ವಿ, ಮೈಬಿಸಿ ನೋಡೂವಂಥಾದ್ದು. ಜೀವ ಇದ್ರ ಸಿಕ್ಕ ಸಿಗತಾನ ಅಂತ ನಮಗ ಧೈರ್ಯ ಇತ್ತು. ಸಿಗಲಿಲ್ಲ. ಬ್ಯಾರೆ ಕಡೆ ಬಿದ್ದಾನ ಅಂತ ಆ ಕಡೆ ಹುಡುಕಾಕ ಹೋದ್ವಿ. ಆಮ್ಯಾಲೆ ನೋಡಿದ್ರ ಮೊದಲ ಹುಡುಕಿದ ಕೊರಕಲನ್ಯಾಗ ಇದ್ದ. ಡ್ರೋನ್ ಎರಡ ಸಲ ಅವನ ಮ್ಯಾಲಿಂದನ ಹೋಗಿತ್ತು. ಪರದೆದಾಗ ಕಲ್ಲಷ್ಟ ಕಂಡಿದ್ವು."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಅದೇನೋ ಒಂದು ಹಚಡಾ ಹೊತಗೊಂಡಿದ್ದನ್ರಿ. ಚೀಲದಾಗ ಇಟಗೊಂಡ ಅಡ್ಡಾಡತಿದ್ದ. ಕಾಲ ಮುರದಿತ್ತಲ್ರಿ, ಥಂಡಿಗೆ ಪೂರಾ ಸುತಗೊಂಡ ಮಲಗಿದ್ದ, ಮಾರಿ ಮ್ಯಾಲೆ ಸೈತ ಎಳಕೊಂಡಿದ್ದ. ಅದೊಂದು ಇಲ್ಲದಿದ್ರ ಕಾಣತಿದ್ನೋ ಏನೋ ಅಂತ ನಮಗೆಲ್ಲಾ ಅನಸ್ತು. ಅದ್ಯಾರು ಕೊಟ್ಟಿದ್ರೋ ಅವಗ."

ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಚೀಲದಿಂದ ಆ ಅರಬಿಯನ್ನು ತೆಗೆದು, ಒಗೆದು ಮಡಿಚಿ ತಂದಿದ್ದೇನೆ ಎಂದು ಸರ್ ಮುಂದೆ ಇಟ್ಟ. ಅವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅವನನ್ನು ಬಸ್ ಸ್ಟ್ಯಾಂಡಿನ ತನಕ ಕಳಿಸಿ ಬಂದರು. ಬಸ್ಸು ಹೊರಡುವ ತನಕ ನಿಂತಿದ್ದರು, ಅವನ ಮನೆಯವರನ್ನೆಲ್ಲ ವಿಚಾರಿಸಿದರು. ಕೊಟ್ಟವರು ಯಾರು ಎಂದು ಮಾತ್ರ ಹೇಳಲಿಲ್ಲ.

ನಾನು ಅವರಿಗೆ ಸಮಾಧಾನ ಹೇಳಲು ಹೋದೆ. ನನ್ನಂಥವರು ಹೇಳುವ ಸಮಾಧಾನವೂ ಲೆಕ್ಕದ್ದೇ. ಸರ್, ಆ ಥಂಡಿಯಲ್ಲಿ ಅದಿಲ್ಲದಿದ್ದರೆ ಹುಡುಗ ಬಿದ್ದ ಸ್ವಲ್ಪ ಹೊತ್ತಿಗೇ ಹೋಗುತ್ತಿದ್ದ, ಅವರು ಡ್ರೋನ್ ಬಿಡುವ ಹೊತ್ತಿಗೆ ಮೈಬಿಸಿಯೇ ಇರುತ್ತಿರಲಿಲ್ಲ, ಆಗಲೂ ಕಾಣುತ್ತಿರಲಿಲ್ಲ ಎಂದೆ. ಅವರು ಬಹಳ ಹೊತ್ತು ಯೋಚನೆ ಮಾಡಿದರು. ಪಾಠದಲ್ಲಿ ಹುಡುಗರು ಕೇಳಿದ ಪ್ರಶ್ನೆಗೆ ಯೋಚಿಸುತ್ತಿದ್ದಂತೆಯೇ.

"ಅಂದ್ರ ಅದು ಛಲೋ ಕೆಲಸ ಮಾಡೇತಿ" ಎಂದರು. "ಒಳಗ ಬೆಚ್ಚಗಿತ್ತು. ಭಾಳ ಹೊತ್ತು ಬೆಚ್ಚಗಿತ್ತು. ಅಂದ್ರ ಭಾಳ ಹೊತ್ತು ಜೀವ ಇತ್ತು. ಮ್ಯಾಲೆ ಡ್ರೋನ್ ಸಪ್ಪಳಾ ಕೇಳಿರ್ತಾನ್ರಿ ಮೇಡಮ್ಮಾರ. ತನ್ನವರು ಬಂದ್ರು ಅಂತ ಗೊತ್ತಾಗಿರ್ತೈತಿ. ಕಾಣತೇನಿ ಅಂತ ತಿಳಕೊಂಡಿರ್ತಾನ."

ನಾನು ಆಮೇಲೆ ಅವರಿಗೆ ಯಾವ ಸಮಾಧಾನವನ್ನೂ ಹೇಳಿಲ್ಲ.

ಕಾಲೇಜಿಗೆ ಬರುತ್ತಿದ್ದರು, ಮತ್ತೆ ಅದೇ ಸಂದಿಯಲ್ಲಿ. ಬಾದಾಮಿಗೆ ಹೋಗುವುದು ನಿಂತಿತು. ಪ್ರಾಣಿಗಳು ಅಡಗುವ ಬಗೆಯ ಪಾಠ ಬಂದಾಗ ಹಲಗೆಯ ಮೇಲೆ ಶೀರ್ಷಿಕೆ ಬರೆದು, ಸ್ವಲ್ಪ ಹೊತ್ತು ಅದನ್ನೇ ನೋಡಿ, "ಇದನ್ನ ನೀವ ಓದಕೋರಿ" ಎಂದು ಹೊರಗೆ ಬಂದುಬಿಟ್ಟರಂತೆ. ಆಮೇಲೆ ಒಂದೊಂದೇ ದಿನ ರಜೆ ಹಾಕುತ್ತ ಹಾಕುತ್ತ ಬರುವುದನ್ನೇ ಬಿಟ್ಟರು. ನನಗೆ ಅವರ ಮೇಲೆ ಸಿಟ್ಟೂ ಬರುತ್ತದೆ. ಎಲ್ಲ ಮಕ್ಕಳನ್ನೂ ಸಾವು ಒಂದಲ್ಲ ಒಂದು ಕಡೆಯಿಂದ ನೋಡುತ್ತಲೇ ಇರುತ್ತದೆ, ಅದರ ಒಂದು ಕಣ್ಣು ಮುಚ್ಚಲು ಹೋಗಿ ಕಾಪಾಡಲು ಹುಡುಕುವ ಕಣ್ಣನ್ನೂ ಮುಚ್ಚಿದಿರಲ್ಲ ಎಂದು ಕೂಗಬೇಕೆನಿಸುತ್ತದೆ. ಯಾರಿಗೆ ಕೂಗುವುದು. ಅವರು ಮಾಡಿದ್ದು ಎಲ್ಲ ಅಪ್ಪಂದಿರೂ ಮಾಡುವುದನ್ನೇ, ಅದನ್ನು ಚೆನ್ನಾಗಿ ಮಾಡಿದರು, ಅಷ್ಟೇ.

ಬೀಳ್ಕೊಡುಗೆಯ ಸಾಮಾನು ಹಿಡಿದು ಮರುದಿನ ಇಳಕಲ್ಲಿಗೆ ಹೋದೆ. ಬಾಗಿಲು ತೆರೆದೇ ಇತ್ತು. ಅಕ್ಕ ಮಗ್ಗದಲ್ಲಿದ್ದರು, ಸರ್ ಕುಣಿಯ ಅಂಚಿಗೆ ನೆಲದ ಮೇಲೆ ಕೂತಿದ್ದರು. ತೊಡೆಯ ಮೇಲೆ ಅದೇ ಮಣ್ಣುಬಣ್ಣದ ಅರಬಿ. ತಾವೇ ಸೊಟ್ಟಗೆ ಕತ್ತರಿಸಿದ್ದ ತುದಿಯನ್ನು ಬೆರಳಿನಿಂದ ಹಿಂಜಿ ಹಿಂಜಿ ಎಳೆ ಬಿಡಿಸುತ್ತಿದ್ದರು. ನನ್ನನ್ನು ನೋಡಿ "ಬರ್ರಿ ಮೇಡಮ್ಮಾರ" ಎಂದರು, ಕೈ ನಿಲ್ಲಲಿಲ್ಲ. ನಾನು ಹಣ್ಣು, ಕರದಂಟು ಕೆಳಗಿಟ್ಟೆ. ಶಾಲನ್ನು ಚೀಲದಿಂದ ತೆಗೆಯಲು ಕೈ ಹಾಕಿದವಳು ಹಾಗೇ ಒಳಗೆ ತಳ್ಳಿದೆ. ಆ ಮನುಷ್ಯನಿಗೆ ಹೊದೆಯಲು ಒಂದು ಬಟ್ಟೆ ಕೊಡುವ ಧೈರ್ಯ ನನಗಾಗಲಿಲ್ಲ.

ಸರ್ ಬಿಡಿಸಿದ ಎಳೆಗಳನ್ನು ಸಾಪಾಗಿ ಸವರಿ ಅರಬಿಯನ್ನು ಅಕ್ಕನ ಕಡೆ ಚಾಚಿದರು.

"ಅಕ್ಕಾ, ಇದಕ್ಕ ಸೆರಗ ಕೂಡಿಸು. ಎಳಿ ಬಿಡಿಸಿ ಕೊಟ್ಟೇನಿ. ಕೊಂಡಿ ಹಾಕು."

ಆಕೆ ಲಾಳಿ ನಿಲ್ಲಿಸಿದರು. "ಮಗ್ಗದಿಂದ ಇಳದ ಅರಬಿಗೆ ಕೊಂಡಿ ಬೀಳಂಗಿಲ್ಲೋ ತಮ್ಮಾ. ಹಾಸು ಮಗ್ಗದ ಮ್ಯಾಲೆ ಇದ್ದಾಗನ ಹಾಕಬೇಕು." ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ಅವಗ ಗೊತ್ತಿಲ್ಲೇನ್ರಿ ಅಕ್ಕೋರ, ಇದ ಮನ್ಯಾಗ ಹುಟ್ಟಿದಾಂವ. ದಿನಾ ಕೇಳತಾನ. ದಿನಾ ಹೇಳತೇನಿ."

ಆಕೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಮತ್ತೆ ಲಾಳಿಗೆ ಕೈ ಹಾಕಿದರು. ಸರ್ ಅರಬಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಎರಡೂ ಕೈಯಲ್ಲಿ ಹಾಗೇ ಚಾಚಿ ಹಿಡಿದಿದ್ದರು.

"ಒಂದ ಗೇಣ ಸಾಕಬೇ ಅಕ್ಕಾ" ಎಂದರು. "ಕೆಂಪಂದ ಹಾಕು. ಮ್ಯಾಲಿಂದ ಕಾಣೂವಂಗ."